ಪೇರಲ: ಹಿತ್ತಿಲಿನ ಅಮೃತಫಲ

ಶರಣಧರ್ಮವು ಶರೀರವನ್ನು ಎಂದೂ ತುಚ್ಛವೆಂದು ಕಂಡಿಲ್ಲ. ಅಂಗದ ಮೇಲೆ ಲಿಂಗವನ್ನು ಧರಿಸುವ ಭಕ್ತನಿಗೆ ಅಂಗದ ಸ್ವಾಸ್ಥ್ಯವೂ ಪೂಜೆಯ ಒಂದು ಭಾಗವೇ ಆಗಿದೆ. ಕಾಯಕಕ್ಕೆ ಕಸುವು ಬೇಕು. ದಾಸೋಹಕ್ಕೆ ದುಡಿಯುವ ಕೈ ಬೇಕು. ಧ್ಯಾನಕ್ಕೆ ಕುಳಿತುಕೊಳ್ಳಲು ನೋವಿಲ್ಲದ ಬೆನ್ನು ಬೇಕು. ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನಂತಹ ಚಿಕಿತ್ಸಕನೂ ವಚನಕಾರನಾಗಿ ಸ್ಥಾನ ಪಡೆದುದನ್ನು ನೆನೆದರೆ, ರೋಗನಿವಾರಣೆಯ ಕಾಯಕಕ್ಕೆ ಅಂದಿನವರು ಎಂತಹ ಗೌರವ ನೀಡಿದ್ದರೆಂಬುದು ತಿಳಿಯುತ್ತದೆ.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವೆಲ್ಲರೂ ಆಡುತ್ತೇವೆ. ಆಡುತ್ತಲೇ ಅದನ್ನು ನಿಜ ಮಾಡಿಯೂ ತೋರಿಸುತ್ತೇವೆ. ಮನೆಯ ಹಿಂದೆ ಬೆಳೆದ ಹಣ್ಣು ಗಿಳಿ ಅಳಿಲುಗಳ ಪಾಲಾಗಿ ನೆಲಕ್ಕುದುರಿ ಕೊಳೆಯುತ್ತಿರುವಾಗ, ಕಾಯಿಲೆಯವರನ್ನು ನೋಡಲು ಹೋಗುವವರು ಪೇಟೆಯಲ್ಲಿ ದುಬಾರಿ ಬೆಲೆ ತೆತ್ತು ಮೇಣ ಸವರಿದ ಸೇಬು ಒಯ್ಯುತ್ತಾರೆ. ಹಾಗೆ ಕಡೆಗಣಿಸಲ್ಪಟ್ಟ ಹಣ್ಣುಗಳಲ್ಲಿ ಮೊದಲನೆಯದು ಪೇರಲ. ಅದರ ಗುಣಗಳನ್ನೂ, ವಿಶೇಷವಾಗಿ ನಮ್ಮ ತಾಯಂದಿರು ಮತ್ತು ಮಕ್ಕಳನ್ನು ಕಾಡುತ್ತಿರುವ ರಕ್ತಹೀನತೆಯ ನಿವಾರಣೆಯಲ್ಲಿ ಅದು ವಹಿಸಬಲ್ಲ ಪಾತ್ರವನ್ನೂ ಈ ಲೇಖನದಲ್ಲಿ ವಿಚಾರಿಸೋಣ.

ಹೆಸರು ಮತ್ತು ಮೂಲ

ಉತ್ತರ ಕರ್ನಾಟಕದಲ್ಲಿ ಪೇರಲ, ಕರಾವಳಿಯಲ್ಲಿ ಪೇರಳೆ, ಹಳೆಯ ಮೈಸೂರು ಸೀಮೆಯಲ್ಲಿ ಸೀಬೆ ಅಥವಾ ಚೇಪೆ ಎಂದು ಕರೆಯಲ್ಪಡುವ ಈ ಹಣ್ಣಿನ ತವರು ಭರತಖಂಡವಲ್ಲ. ಅಮೆರಿಕ ಖಂಡದ ಉಷ್ಣವಲಯ. ಪೋರ್ಚುಗೀಸರ ಕಾಲದಲ್ಲಿ ಸಮುದ್ರ ದಾಟಿ ಬಂದು ನಮ್ಮ ಮಣ್ಣಿಗೆ ಹೊಂದಿಕೊಂಡಿತು. ಪೇರು, ಪೇರಲ ಎಂಬ ಹೆಸರುಗಳೂ ಪೋರ್ಚುಗೀಸರ 'ಪೆರ' ಎಂಬ ಮಾತಿನಿಂದ ಬಂದವೆಂದು ಭಾಷಾವಿದರು ಹೇಳುತ್ತಾರೆ. ಬಸವಾದಿ ಪ್ರಮಥರ ಕಲ್ಯಾಣದಲ್ಲಿ ಮೆಣಸಿನಕಾಯಿಯೂ ಇರಲಿಲ್ಲ, ಪೇರಲವೂ ಇರಲಿಲ್ಲ. ಇಂದು ಇವೆರಡೂ ಇಲ್ಲದ ಊರು ನಮ್ಮಲ್ಲಿಲ್ಲ.

ಸಸ್ಯಶಾಸ್ತ್ರದ ಪ್ರಕಾರ ಪೇರಲವು ನೇರಳೆ, ಲವಂಗ ಮತ್ತು ನೀಲಗಿರಿ ಮರಗಳ ಕುಟುಂಬಕ್ಕೆ ಸೇರಿದುದು. ನೀರು ಕಡಿಮೆಯಿದ್ದರೂ ಬದುಕುತ್ತದೆ, ಕಲ್ಲುನೆಲದಲ್ಲಿಯೂ ಬೇರೂರುತ್ತದೆ, ಕಸಿ ಮಾಡಿದ ಸಸಿಯಾದರೆ ಎರಡು ಮೂರು ವರ್ಷಗಳಲ್ಲಿಯೇ ಫಲ ಕೊಡಲಾರಂಭಿಸುತ್ತದೆ. ಅಲಹಾಬಾದ್ ಸಫೇದ ಮತ್ತು ಲಕ್ನೋ 49 ಎಂಬ ಬಿಳಿ ತಿರುಳಿನ ತಳಿಗಳು ಬಹುಕಾಲದಿಂದ ಪ್ರಸಿದ್ಧವಾಗಿವೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಮೃದು ಬೀಜದ ಅರ್ಕಾ ಮೃದುಲಾ ಮತ್ತು ಕೆಂಪು ತಿರುಳಿನ ಅರ್ಕಾ ಕಿರಣ ತಳಿಗಳನ್ನು ರೈತರಿಗೆ ನೀಡಿದೆ.

ಆಯುರ್ವೇದದ ದೃಷ್ಟಿಯಲ್ಲಿ

ಹೊರದೇಶದಿಂದ ತಡವಾಗಿ ಬಂದ ಹಣ್ಣಾದ್ದರಿಂದ ಚರಕ, ಸುಶ್ರುತ, ವಾಗ್ಭಟರ ಸಂಹಿತೆಗಳಲ್ಲಿ ಪೇರಲದ ಉಲ್ಲೇಖವಿಲ್ಲ. ಆದರೆ ಹೊಸ ದ್ರವ್ಯವೊಂದು ಎದುರಾದಾಗ ಅದನ್ನು ಪರೀಕ್ಷಿಸುವ ಕ್ರಮವನ್ನು ಆಚಾರ್ಯರು ಕಲಿಸಿಯೇ ಹೋಗಿದ್ದಾರೆ. ಯುಕ್ತಿಯನ್ನರಿತು ಪ್ರಯೋಗಿಸಿದರೆ ಔಷಧವಾಗದ ದ್ರವ್ಯವೇ ಜಗತ್ತಿನಲ್ಲಿಲ್ಲವೆಂಬುದು ಚರಕಾಚಾರ್ಯರ ಅಭಿಪ್ರಾಯ. ಅದರಂತೆ ಈಚಿನ ದ್ರವ್ಯಗುಣ ಗ್ರಂಥಕಾರರು ಪೇರಲವನ್ನು ಪರಿಶೀಲಿಸಿ ಪೇರುಕ, ಅಮೃತಫಲ ಮುಂತಾದ ಹೆಸರುಗಳಿಂದ ನಮ್ಮ ಶಾಸ್ತ್ರದೊಳಗೆ ಸೇರಿಸಿಕೊಂಡರು.

ಅವರ ಪ್ರಕಾರ ಪೇರಲದಲ್ಲಿ ಮಧುರ, ಆಮ್ಲ, ಕಷಾಯ ಎಂಬ ಮೂರು ರಸಗಳಿವೆ. ಗುಣದಲ್ಲಿ ಗುರು, ಎಂದರೆ ಜೀರ್ಣಕ್ಕೆ ಭಾರವಾದುದು, ವೀರ್ಯದಲ್ಲಿ ಶೀತ. ಹಣ್ಣು ವಾತಪಿತ್ತಗಳನ್ನು ಶಮನಗೊಳಿಸುತ್ತದೆ. ಅತಿಯಾದರೆ ಕಫವನ್ನು ಹೆಚ್ಚಿಸುತ್ತದೆ. ಕಾಯಿಯಲ್ಲಿ ಒಗರು ಪ್ರಧಾನವಾದ್ದರಿಂದ ಅದು ಮಲವನ್ನು ಕಟ್ಟುತ್ತದೆ. ಚೆನ್ನಾಗಿ ಮಾಗಿದ ಹಣ್ಣು ಮಲವನ್ನು ಸಡಿಲಗೊಳಿಸುತ್ತದೆ. ಒಂದೇ ಮರದ ಕಾಯಿ ಮತ್ತು ಹಣ್ಣು ಪರಸ್ಪರ ವಿರುದ್ಧವಾಗಿ ವರ್ತಿಸುವುದನ್ನು ಓದುಗರು ಗಮನದಲ್ಲಿಡಬೇಕು. 'ಪೇರಲ ತಿಂದರೆ ಮಲಬದ್ಧತೆಯಾಗುತ್ತದೆ' ಎನ್ನುವವರೂ, 'ಪೇರಲ ತಿಂದರೆ ಹೊಟ್ಟೆ ಸಾಫಾಗುತ್ತದೆ' ಎನ್ನುವವರೂ ಇದ್ದಾರೆ. ಇಬ್ಬರೂ ಹೇಳುವುದು ನಿಜವೇ. ಮೊದಲಿನವರು ತಿಂದದ್ದು ಕಾಯಿ, ಎರಡನೆಯವರು ತಿಂದದ್ದು ಹಣ್ಣು.

ಹಣ್ಣಿನೊಳಗಿನ ಸಂಪತ್ತು

ಆಧುನಿಕ ಆಹಾರಶಾಸ್ತ್ರದ ಲೆಕ್ಕದಲ್ಲಿ ಪೇರಲದ ಪ್ರಧಾನ ಸಂಪತ್ತು ಜೀವಸತ್ವ 'ಸಿ'. ನೂರು ಗ್ರಾಂ ಹಣ್ಣಿನಲ್ಲಿ ಇದು 200 ಮಿಲಿಗ್ರಾಮಿಗೂ ಹೆಚ್ಚಾಗಿದೆ. ಅಷ್ಟೇ ತೂಕದ ಕಿತ್ತಳೆಯಲ್ಲಿ ಸುಮಾರು 50 ಮಿಲಿಗ್ರಾಂ, ಸೇಬಿನಲ್ಲಿ 5 ಮಿಲಿಗ್ರಾಮಿಗಿಂತಲೂ ಕಡಿಮೆ. ನಮ್ಮ ನಿತ್ಯಬಳಕೆಯ ಫಲಗಳಲ್ಲಿ ಈ ವಿಷಯದಲ್ಲಿ ಪೇರಲವನ್ನು ಮೀರಿಸುವುದು ನೆಲ್ಲಿಕಾಯಿ ಮಾತ್ರ. ಆದರೆ ನೆಲ್ಲಿಯ ಹುಳಿ ಒಗರನ್ನು ಮಕ್ಕಳು ಒಲ್ಲೆವೆನ್ನುತ್ತಾರೆ. ಪೇರಲವನ್ನು ಕೇಳಿ ತಿನ್ನುತ್ತಾರೆ.

ನಮಗೆ ದಿನಕ್ಕೆ ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ನೀಡಿದ ಶಿಫಾರಸಿನ ಪ್ರಕಾರ ವಯಸ್ಕ ಪುರುಷರಿಗೆ 80 ಮಿಲಿಗ್ರಾಂ, ಸ್ತ್ರೀಯರಿಗೆ 65 ಮಿಲಿಗ್ರಾಂ. ಗರ್ಭಿಣಿಯರಿಗೆ ಮತ್ತು ಹಾಲೂಡಿಸುವ ತಾಯಂದಿರಿಗೆ ಇನ್ನೂ ಹೆಚ್ಚು. ಎಂದರೆ ಅರ್ಧ ಪೇರಲವೇ ಒಬ್ಬರ ದಿನದ ಅಗತ್ಯವನ್ನು ಪೂರೈಸುತ್ತದೆ. ಒಂದು ಹಣ್ಣನ್ನು ಎರಡಾಗಿ ಕತ್ತರಿಸಿ ಇಬ್ಬರು ಮಕ್ಕಳಿಗೆ ಹಂಚಿದರೆ ಇಬ್ಬರಿಗೂ ಸಾಕು.

ಬಹುಪಾಲು ಪ್ರಾಣಿಗಳು ಈ ಸತ್ವವನ್ನು ತಮ್ಮ ಶರೀರದಲ್ಲಿಯೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಆ ಶಕ್ತಿಯಿಲ್ಲ. ಪ್ರತಿದಿನ ಆಹಾರದಿಂದಲೇ ಪಡೆಯಬೇಕು. ಕೂಡಿಡುವ ಸಾಮರ್ಥ್ಯವೂ ಅಲ್ಪ. ಅಗತ್ಯಕ್ಕೆ ಮೀರಿದ್ದು ಮೂತ್ರದ ಮೂಲಕ ಹೊರಹೋಗುತ್ತದೆ. ಆದ್ದರಿಂದ ಒಂದೇ ದಿನ ಐದು ಹಣ್ಣು ತಿಂದು ವಾರವಿಡೀ ಬಿಡುವುದಕ್ಕಿಂತ ಪ್ರತಿದಿನ ಸ್ವಲ್ಪ ಸ್ವಲ್ಪ ತಿನ್ನುವುದೇ ಹಿತ. ಚರ್ಮ, ವಸಡು, ಮೂಳೆ, ರಕ್ತನಾಳಗಳನ್ನು ಬಂಧಿಸಿ ಹಿಡಿಯುವ ಕೊಲಾಜೆನ್ ಎಂಬ ಪದಾರ್ಥದ ರಚನೆಗೆ ಈ ಸತ್ವ ಬೇಕೇಬೇಕು. ಇದು ತೀರ ಕಡಿಮೆಯಾದಾಗ ವಸಡಿನಲ್ಲಿ ರಕ್ತ ಒಸರುತ್ತದೆ, ಗಾಯ ಬೇಗ ಮಾಯುವುದಿಲ್ಲ, ಸಣ್ಣ ಪೆಟ್ಟಿಗೂ ಚರ್ಮ ಕಂದುತ್ತದೆ. ಹಿಂದಿನ ಕಾಲದಲ್ಲಿ ತಿಂಗಳುಗಟ್ಟಲೆ ಹಡಗಿನಲ್ಲಿ ಸಂಚರಿಸುತ್ತಿದ್ದ ನಾವಿಕರು ಸ್ಕರ್ವಿ ಎಂಬ ಈ ವ್ಯಾಧಿಯಿಂದ ಸಾಯುತ್ತಿದ್ದರು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ಕಿತ್ತಳೆ ಮತ್ತು ನಿಂಬೆಯಿಂದ ರೋಗಿಗಳು ಚೇತರಿಸಿಕೊಳ್ಳುವುದನ್ನು ಪರೀಕ್ಷೆಯಿಂದ ತೋರಿಸಿದನು. ಹಣ್ಣಿನೊಳಗಿನ ಸತ್ವ ಯಾವುದೆಂದು ನಿಶ್ಚಯವಾಗಲು ಮುಂದೆ ಸುಮಾರು ಎರಡು ಶತಮಾನಗಳೇ ಬೇಕಾದವು.

ಇದಲ್ಲದೆ ಪೇರಲದಲ್ಲಿ ನಾರಿನಂಶ ಹೇರಳವಾಗಿದೆ. ರಕ್ತದೊತ್ತಡದ ಸಮತೋಲನಕ್ಕೆ ನೆರವಾಗುವ ಪೊಟ್ಯಾಸಿಯಂ ನೂರು ಗ್ರಾಮಿಗೆ ಸುಮಾರು 400 ಮಿಲಿಗ್ರಾಂ ಇದೆ. ಗರ್ಭಿಣಿಯರಿಗೆ ಅಗತ್ಯವಾದ ಫೋಲೇಟ್ ಕೂಡ ಇದೆ. ಕೆಂಪು ತಿರುಳಿನ ಪೇರಲದಲ್ಲಿ ಟೊಮೆಟೊಗೆ ಬಣ್ಣ ಕೊಡುವ ಲೈಕೋಪೀನ್ ಎಂಬ ವರ್ಣದ್ರವ್ಯವೂ ಇರುತ್ತದೆ.

ರಕ್ತಹೀನತೆ ಮತ್ತು ಸಸ್ಯಾಹಾರಿಗಳ ಊಟ

ಇನ್ನು ಮುಖ್ಯ ವಿಷಯಕ್ಕೆ ಬರೋಣ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ಶೇಕಡಾ 57ರಷ್ಟು, ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಕರ್ನಾಟಕದಲ್ಲಿಯೂ ಸುಮಾರು ಅರ್ಧದಷ್ಟು ಸ್ತ್ರೀಯರ ಸ್ಥಿತಿ ಇದೇ ಆಗಿದೆ. ಬರಗಾಲವಿಲ್ಲದ, ಎರಡು ಹೊತ್ತು ಊಟವಿರುವ ಮನೆಗಳಲ್ಲಿಯೂ ಇದು ಕಾಣಿಸುತ್ತದೆ. ಬೇಗ ದಣಿವು, ಮೆಟ್ಟಿಲೇರಿದರೆ ಏದುಸಿರು, ಬಿಳಿಚಿಕೊಂಡ ಉಗುರು ಮತ್ತು ಕಣ್ಣೊಳಗಿನ ಪೊರೆ, ಮಣ್ಣು ಸುಣ್ಣ ತಿನ್ನುವ ಚಪಲ, ಓದಿನಲ್ಲಿ ನಿಲ್ಲದ ಗಮನ ಇವೆಲ್ಲ ಇದರ ಲಕ್ಷಣಗಳು. ಆಯುರ್ವೇದವು ಇದನ್ನು ಪಾಂಡುರೋಗವೆಂಬ ಹೆಸರಿನಿಂದ ವಿಸ್ತಾರವಾಗಿ ವಿವೇಚಿಸಿದೆ.

ಕಾರಣಗಳು ಹಲವಾದರೂ ಬಹು ಮುಖ್ಯವಾದುದು ಕಬ್ಬಿಣದ ಕೊರತೆ. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸಜ್ಜೆ, ಜೋಳ, ಹೆಸರು, ಮಡಿಕೆ, ಕಡಲೆ, ಎಳ್ಳು, ಗುರೆಳ್ಳು, ಹಸಿರು ಪಲ್ಯಗಳು ಇವುಗಳಲ್ಲೆಲ್ಲ ಕಬ್ಬಿಣವಿದೆಯಲ್ಲವೇ? ದಿನವೂ ಇವುಗಳನ್ನುಣ್ಣುವವರಿಗೆ ಕೊರತೆ ಏಕೆ?

ಉತ್ತರವಿಷ್ಟೇ. ತಟ್ಟೆಯಲ್ಲಿರುವ ಕಬ್ಬಿಣವೆಲ್ಲ ರಕ್ತಕ್ಕೆ ಸೇರುವುದಿಲ್ಲ. ಸಸ್ಯಾಹಾರದ ಕಬ್ಬಿಣವು ಕರುಳಿನಲ್ಲಿ ಸುಲಭವಾಗಿ ಹೀರಲ್ಪಡದ ರೂಪದಲ್ಲಿರುತ್ತದೆ. ಧಾನ್ಯ ಮತ್ತು ಬೇಳೆಕಾಳುಗಳಲ್ಲಿರುವ ಫೈಟೇಟ್ ಎಂಬ ಅಂಶವು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದರ ಮೇಲೆ, ಊಟ ಮುಗಿಯುತ್ತಲೇ ಕುಡಿಯುವ ಚಹಾದಲ್ಲಿರುವ ಒಗರಿನ ಅಂಶವು ಅಳಿದುಳಿದ ಕಬ್ಬಿಣವನ್ನೂ ಕಟ್ಟಿಹಾಕುತ್ತದೆ. ಹೀಗಾಗಿ ಧಾನ್ಯಪ್ರಧಾನವಾದ ಊಟದ ಕಬ್ಬಿಣದಲ್ಲಿ ಸಾಮಾನ್ಯವಾಗಿ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ ಅಂಶ ಮಾತ್ರ ದೇಹಗತವಾಗುತ್ತದೆ. ಉಳಿದುದು ಮಲದೊಡನೆ ಹೊರಹೋಗುತ್ತದೆ.

ಇಲ್ಲಿ ಪೇರಲ ನೆರವಿಗೆ ಬರುತ್ತದೆ. ಜೀವಸತ್ವ 'ಸಿ'ಯು ಕಬ್ಬಿಣವನ್ನು ಕರುಳು ಹೀರಬಲ್ಲ ರೂಪಕ್ಕೆ ತಿರುಗಿಸುತ್ತದೆ. ಫೈಟೇಟಿನ ಹಿಡಿತಕ್ಕೆ ಸಿಗದಂತೆ ಕರಗಿದ ಸ್ಥಿತಿಯಲ್ಲಿ ಇರಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಹದಿಹರೆಯದ ಮಕ್ಕಳಿಗೆ ಅನ್ನದ ಊಟದೊಡನೆ ಪೇರಲವನ್ನು ಕೊಟ್ಟು ಪರೀಕ್ಷಿಸಿ, 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದ್ದಾರೆ. ಪೇರಲ ಸೇರಿದ ಊಟದಲ್ಲಿ ಕಬ್ಬಿಣದ ಹೀರುವಿಕೆ ಎರಡು ಪಟ್ಟಿನಷ್ಟಾಯಿತು. ಊಟ ಅದೇ, ಅನ್ನ ಅದೇ. ಬದಲಾದುದು ಒಂದು ಹಣ್ಣು ಮಾತ್ರ.

ನಮ್ಮ ಪ್ರಾಚೀನರು ಈ ಮರ್ಮವನ್ನು ಬೇರೆ ದಾರಿಯಿಂದ ತಲುಪಿದ್ದರೆಂದು ಅನಿಸುತ್ತದೆ. ಪಾಂಡುರೋಗಕ್ಕೆ ಹೇಳಿದ ನವಾಯಸ ಚೂರ್ಣದಲ್ಲಿ ಕಬ್ಬಿಣದೊಡನೆ ತ್ರಿಫಲೆಯಿದೆ, ತ್ರಿಫಲೆಯಲ್ಲಿ ನೆಲ್ಲಿಯಿದೆ. ಧಾತ್ರೀಲೋಹವೆಂಬ ಯೋಗದಲ್ಲಂತೂ ಧಾತ್ರಿ, ಎಂದರೆ ನೆಲ್ಲಿಕಾಯಿ, ಹೆಸರಿನಲ್ಲಿಯೇ ಲೋಹದೊಡನೆ ಕೂಡಿದೆ. ಲೋಹಕಲ್ಪಗಳನ್ನು ವೈದ್ಯರ ಸಲಹೆಯಿಲ್ಲದೆ ಯಾರೂ ಸೇವಿಸಬಾರದು. ಆದರೆ ಕಬ್ಬಿಣಕ್ಕೆ ನೆಲ್ಲಿಯ ಸಂಗ ಮಾಡಿಸಿದ ಅವರ ಯುಕ್ತಿಯನ್ನು ನಾವು ಊಟದ ತಟ್ಟೆಯಲ್ಲಿಯೇ ಅನುಸರಿಸಬಹುದು.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಪ್ರೌಢಶಾಲೆಯಲ್ಲಿ ಓದುವ ಮಗಳನ್ನು ಕರೆತಂದಿದ್ದರು. ಹಿಮೋಗ್ಲೋಬಿನ್ 8.4 ಗ್ರಾಂ ಇತ್ತು. ಶಾಲೆಯಲ್ಲಿ ಕೊಟ್ಟ ಕಬ್ಬಿಣದ ಗುಳಿಗೆಗಳನ್ನು ನುಂಗಿದರೂ ಗುಣ ಕಂಡಿಲ್ಲವೆಂಬುದು ಅವರ ಅಳಲು.

"ಗುಳಗಿ ಯಾವಾಗ ತಗೋತೀಯವ್ವಾ?" ಎಂದು ಕೇಳಿದೆ.

"ಚಾದ ಜೋಡಿ ತಗೋತೀನ್ರೀ. ನೀರಿನ ಜೋಡಿ ತಗೊಂಡ್ರ ಹೊಟ್ಟಿ ತೊಳಸತೈತ್ರೀ," ಎಂದಳು ಹುಡುಗಿ.

"ಮನ್ಯಾಗ ಹಣ್ಣು ಏನ್ ತಿಂತೀರಿ?" ಎಂದು ತಾಯಿಯನ್ನು ಕೇಳಿದೆ.

"ಹಣ್ಣು ತರೂವಷ್ಟು ರೊಕ್ಕ ಎಲ್ಲಿ ಬರಬೇಕ್ರೀ? ಹಿತ್ತಲದಾಗ ಒಂದು ಪೇರಲ ಗಿಡ ಐತಿ, ಅದನ್ನ ಗಿಳಿ ತಿಂದು ಹೋಗತಾವು. ಥಂಡಿ ಆಕ್ಕೈತಿ ಅಂತ ಹುಡುಗ್ರಿಗೆ ಕೊಡಂಗಿಲ್ಲ ನೋಡ್ರಿ."

ಗುಳಿಗೆ ನಿಲ್ಲಿಸಬಾರದು, ಆದರೆ ಅದನ್ನು ಚಹಾದೊಡನೆ ನುಂಗದೆ ಮಧ್ಯಾಹ್ನದ ಊಟವಾದ ಮೇಲೆ ನೀರಿನೊಡನೆ ತೆಗೆದುಕೊಳ್ಳಬೇಕು, ಊಟದೊಡನೆ ಅರ್ಧ ಪೇರಲ ತಿನ್ನಬೇಕು, ಚಹಾವನ್ನು ಊಟದಿಂದ ದೂರವಿಡಬೇಕು ಎಂದು ತಿಳಿಸಿ, ಜಂತುಹುಳುವಿಗೂ ಔಷಧಿ ಕೊಡಿಸಿದೆ. ಮೂರು ತಿಂಗಳ ಅನಂತರ ಹಿಮೋಗ್ಲೋಬಿನ್ 11 ಗ್ರಾಂ ದಾಟಿತ್ತು. ಇದರ ಶ್ರೇಯಸ್ಸು ಪೇರಲಕ್ಕೊಂದಕ್ಕೇ ಸಲ್ಲುವುದಿಲ್ಲ. ಗುಳಿಗೆ, ಜಂತುನಾಶಕ, ಚಹಾದ ಅಂತರ ಎಲ್ಲವೂ ಕೂಡಿ ಕೆಲಸ ಮಾಡಿದವು. ಆದರೆ ಖರ್ಚಿಲ್ಲದೆ ಮನೆಯಲ್ಲಿಯೇ ದೊರೆತದ್ದು ಪೇರಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಕೆಂಪು ಪೇರಲದ ಬಣ್ಣವನ್ನು ನೋಡಿ ಅದು ರಕ್ತವನ್ನೇ ಕೊಡುತ್ತದೆಂದು ಕೆಲವರು ಭಾವಿಸುತ್ತಾರೆ. ಪೇರಲದಲ್ಲಿ ಕಬ್ಬಿಣದ ಪ್ರಮಾಣ ತೀರ ಅಲ್ಪ. ಅದು ರಕ್ತವನ್ನು ತಾನಾಗಿ ಉಂಟುಮಾಡುವುದಿಲ್ಲ. ಕಾಳು, ರೊಟ್ಟಿ, ಪಲ್ಯಗಳಲ್ಲಿರುವ ಕಬ್ಬಿಣವನ್ನು ದೇಹಕ್ಕೆ ದಕ್ಕಿಸುತ್ತದೆ. ಆದ್ದರಿಂದ ಬರಿಯ ಪೇರಲ ತಿಂದು ಊಟವನ್ನು ಕಡೆಗಣಿಸಿದರೆ ಪ್ರಯೋಜನವಿಲ್ಲ. ಈ ಕಾರ್ಯದಲ್ಲಿ ಬಿಳಿ ಪೇರಲ, ಕೆಂಪು ಪೇರಲಗಳೆಂಬ ಭೇದವೂ ಇಲ್ಲ.

ಯಾವ ಕಾಲದಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು?

ಪೇರಲವು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಫಲ ಕೊಡುತ್ತದೆ. ಮಳೆಗಾಲದ ಹಣ್ಣು ನೀರುನೀರಾಗಿ ಸಪ್ಪೆಯಾಗಿರುತ್ತದೆ. ಹಣ್ಣುನೊಣದ ಹುಳುಗಳೂ ಅದರಲ್ಲಿ ಹೆಚ್ಚು. ಚಳಿಗಾಲದ ಹಣ್ಣು ಸಿಹಿಯಲ್ಲಿಯೂ ಸತ್ವದಲ್ಲಿಯೂ ಶ್ರೇಷ್ಠ. ಹೇಮಂತ ಶಿಶಿರ ಋತುಗಳಲ್ಲಿ ಮನುಷ್ಯನ ಜಠರಾಗ್ನಿ ಬಲವಾಗಿರುತ್ತದೆಂದು ಆಯುರ್ವೇದದ ಋತುಚರ್ಯೆ ಹೇಳುತ್ತದೆ. ಗುರುವಾದ ಪೇರಲವನ್ನು ಅರಗಿಸಿಕೊಳ್ಳಲು ಅದೇ ತಕ್ಕ ಕಾಲ. ಒಳ್ಳೆಯ ಹಣ್ಣು ಬರುವುದೂ ಅದೇ ಕಾಲದಲ್ಲಿ. ವರ್ಷಾ ಋತುವಿನಲ್ಲಿ ಅಗ್ನಿ ಮಂದವಾಗಿರುತ್ತದೆ. ಆಗ ಪೇರಲವನ್ನು ಮಿತವಾಗಿ, ಕತ್ತರಿಸಿ ಒಳಗೆ ಹುಳುವಿಲ್ಲವೆಂದು ನೋಡಿ ತಿನ್ನಬೇಕು.

ಹೊತ್ತಿನ ವಿಷಯದಲ್ಲಿ ಮಧ್ಯಾಹ್ನದ ಊಟದ ವೇಳೆ ಉತ್ತಮ. ದಾಳಿಂಬೆ ಮೊದಲಾದ ಫಲಗಳನ್ನು ಊಟದ ಆರಂಭದಲ್ಲಿ ಸೇವಿಸಬೇಕೆಂದು ಸುಶ್ರುತಾಚಾರ್ಯರು ಅನ್ನಪಾನವಿಧಿಯಲ್ಲಿ ಹೇಳಿದ್ದಾರೆ. ಕಬ್ಬಿಣದ ಹೀರುವಿಕೆಗೂ ಹಣ್ಣು ಊಟದೊಡನೆಯೇ ಹೊಟ್ಟೆ ಸೇರಬೇಕು. ಎರಡು ಮೂರು ತಾಸು ಬಿಟ್ಟು ತಿಂದರೆ ಆ ಊಟಕ್ಕೆ ಅದರ ಲಾಭವಿಲ್ಲ. ಊಟಕ್ಕೆ ಕುಳಿತಾಗ ಮೊದಲು ನಾಲ್ಕು ಹೋಳು ಪೇರಲ, ಅನಂತರ ರೊಟ್ಟಿ, ಕಾಳುಪಲ್ಯ, ಅನ್ನ ಎಂಬುದು ಸರಳ ಕ್ರಮ. ಕಾಳುಗಳನ್ನು ಮೊಳಕೆ ಬರಿಸಿ ಬಳಸಿದರೆ ಫೈಟೇಟ್ ಇನ್ನಷ್ಟು ತಗ್ಗುತ್ತದೆ. ಚಹಾ, ಕಾಫಿಗಳನ್ನು ಊಟಕ್ಕೆ ಮೊದಲೂ ಅನಂತರವೂ ಕನಿಷ್ಠ ಒಂದು ತಾಸು ದೂರವಿಡಬೇಕು.

ಪ್ರಮಾಣದಲ್ಲಿ ದೊಡ್ಡವರಿಗೆ ಮಧ್ಯಮ ಗಾತ್ರದ ಒಂದು ಹಣ್ಣು, ಶಾಲೆಯ ಮಕ್ಕಳಿಗೆ ಅರ್ಧ ಸಾಕು. ಚಿಕ್ಕ ಮಕ್ಕಳಿಗೆ ಬೀಜ ತೆಗೆದು ತಿರುಳನ್ನು ಹಿಸುಕಿ ಕೊಡಬೇಕು. ಸಿಪ್ಪೆಯನ್ನು ತೆಗೆಯಬಾರದು, 'ಸಿ' ಸತ್ವವು ಸಿಪ್ಪೆ ಮತ್ತು ಅದರ ಅಂಚಿನಲ್ಲಿಯೇ ಅಧಿಕ. ಹಣ್ಣನ್ನು ಚೆನ್ನಾಗಿ ತೊಳೆದು, ತಿನ್ನುವ ಹೊತ್ತಿಗೆ ಕತ್ತರಿಸಬೇಕು. ಕತ್ತರಿಸಿಟ್ಟ ಹಣ್ಣಿನಲ್ಲಿ ಗಾಳಿಯ ಸಂಪರ್ಕದಿಂದ ಸತ್ವ ಕುಂದುತ್ತ ಹೋಗುತ್ತದೆ. ಕುದಿಸಿ ಮಾಡಿದ ಜಾಮ್, ಜೆಲ್ಲಿಗಳಲ್ಲಿ ಸತ್ವದ ಬಹುಭಾಗ ನಾಶವಾಗಿ ಸಕ್ಕರೆ ಉಳಿಯುತ್ತದೆ. ರಸ ತೆಗೆದು ಸೋಸಿದರೆ ನಾರು ವ್ಯರ್ಥವಾಗುತ್ತದೆ. ಬಸ್ ನಿಲ್ದಾಣಗಳಲ್ಲಿ ಉಪ್ಪು ಖಾರ ಸವರಿ ಮಾರುವ ಹೋಳುಗಳು ನಾಲಗೆಗೆ ರುಚಿ ನಿಜ. ರಕ್ತದೊತ್ತಡವಿರುವವರಿಗೆ ಆ ಉಪ್ಪು ಸಲ್ಲದು, ತೆರೆದಿಟ್ಟ ಹೋಳಿನ ಮೇಲೆ ಕೂರುವ ನೊಣ ಯಾರಿಗೂ ಸಲ್ಲದು.

ಎಲೆಯ ಉಪಯೋಗ

ಪೇರಲದ ಎಲೆಯೂ ಗುಣವಂತ. ನಾಲ್ಕೈದು ಎಳೆಯ ಎಲೆಗಳನ್ನು ತೊಳೆದು ಒಂದು ಲೋಟ ನೀರಿನಲ್ಲಿ ಹಾಕಿ, ಅರ್ಧಕ್ಕಿಳಿಯುವಂತೆ ಕುದಿಸಿ, ಆರಿಸಿ, ಬಾಯಿ ಮುಕ್ಕಳಿಸಿದರೆ ವಸಡಿನ ಊತ, ಬಾಯಿಹುಣ್ಣು ಮತ್ತು ದುರ್ಗಂಧಗಳಿಗೆ ಹಿತವಾಗುತ್ತದೆ. ಎಳೆಯ ಎಲೆಯನ್ನು ಅಗಿದು ಉಗುಳುವ ರೂಢಿ ಹಳ್ಳಿಗಳಲ್ಲಿ ಈಗಲೂ ಇದೆ. ಒಗರು ರಸವುಳ್ಳದ್ದಾದ್ದರಿಂದ ಸಾಮಾನ್ಯ ಭೇದಿಯಲ್ಲಿ ಈ ಕಷಾಯವನ್ನು ಎರಡು ಚಮಚದಷ್ಟು ದೊಡ್ಡವರಿಗೆ ಕೊಡುವುದುಂಟು. ಆದರೆ ಭೇದಿಯಲ್ಲಿ ಪ್ರಾಣಕ್ಕೆ ಅಪಾಯ ತರುವುದು ನೀರು ಮತ್ತು ಲವಣಗಳ ನಷ್ಟ. ಮಕ್ಕಳಿಗಂತೂ ಮೊದಲು ಕೊಡಬೇಕಾದುದು ಓಆರ್‌ಎಸ್ ದ್ರಾವಣ; ಜ್ವರ, ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು ಕಂಡರೆ ಕಷಾಯವನ್ನು ನೆಚ್ಚಿ ಕೂರದೆ ವೈದ್ಯರಲ್ಲಿಗೆ ಒಯ್ಯಬೇಕು.

ಯಾರು ಎಚ್ಚರ ವಹಿಸಬೇಕು?

ಮೂತ್ರಪಿಂಡದ ದೌರ್ಬಲ್ಯವಿದ್ದು ಪೊಟ್ಯಾಸಿಯಂ ಮಿತಿಯಲ್ಲಿರುವವರು ವೈದ್ಯರನ್ನು ಕೇಳದೆ ಪೇರಲ ತಿನ್ನಬಾರದು. ಥಲಸ್ಸೀಮಿಯಾದಂತಹ ರೋಗಗಳಿಂದ ದೇಹದಲ್ಲಿ ಕಬ್ಬಿಣ ಅಧಿಕವಾಗಿ ಸೇರಿದವರಿಗೆ ಅದರ ಹೀರುವಿಕೆ ಹೆಚ್ಚುವುದು ಹಿತವಲ್ಲ. ಅಗ್ನಿಮಾಂದ್ಯ, ಹೊಟ್ಟೆಯುಬ್ಬರ ಇರುವವರು ಖಾಲಿ ಹೊಟ್ಟೆಯಲ್ಲಿ ತಿನ್ನದೆ ಊಟದೊಡನೆ ನಾಲ್ಕು ಹೋಳಿಗೆ ನಿಲ್ಲಿಸಬೇಕು. ಹಲ್ಲು ಸಡಿಲವಾದ ವೃದ್ಧರು ಬೀಜವನ್ನು ತೆಗೆದು ತಿನ್ನಬೇಕು.

ರಕ್ತಹೀನತೆಯೆಲ್ಲವೂ ಕಬ್ಬಿಣದ ಕೊರತೆಯೇ ಆಗಿರಬೇಕೆಂದಿಲ್ಲ. ಸಸ್ಯಾಹಾರಿಗಳಲ್ಲಿ ಜೀವಸತ್ವ ಬಿ 12ರ ಕೊರತೆಯೂ ಸಾಮಾನ್ಯ. ಅದು ಪೇರಲದಲ್ಲಿಲ್ಲ, ಹಾಲು ಮೊಸರುಗಳಲ್ಲಿ ಸ್ವಲ್ಪಮಟ್ಟಿಗೆ ದೊರೆಯುತ್ತದೆ. ಅತಿಯಾದ ಮುಟ್ಟು, ಮೂಲವ್ಯಾಧಿಯ ರಕ್ತಸ್ರಾವ, ಜಂತುಬಾಧೆ ಮುಂತಾದ ಕಾರಣಗಳಿದ್ದರೆ ಅವುಗಳನ್ನು ನಿವಾರಿಸದೆ ಏನನ್ನು ತಿಂದರೂ ಸೋರುವ ಕೊಡಕ್ಕೆ ನೀರು ತುಂಬಿದಂತೆ. ಸ್ತ್ರೀಯರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ, ಗರ್ಭಿಣಿಯರಲ್ಲಿ 11ಕ್ಕಿಂತ, ಪುರುಷರಲ್ಲಿ 13ಕ್ಕಿಂತ ಕಡಿಮೆಯಿದ್ದರೆ ಕಾರಣವನ್ನು ಪರೀಕ್ಷಿಸಿಕೊಳ್ಳಬೇಕು. ವೈದ್ಯರು ಕೊಟ್ಟ ಗುಳಿಗೆಯನ್ನು ಬಿಟ್ಟು ಪೇರಲವನ್ನಷ್ಟೇ ನಂಬುವುದು ಸರಿಯಲ್ಲ.

ಕೆಲವು ಸಂದೇಹಗಳು

*ಪೇರಲ ತಿಂದರೆ ನೆಗಡಿಯಾಗುವುದೇ?* ನೆಗಡಿಗೆ ಕಾರಣ ಸೋಂಕು. ಹಣ್ಣು ಅದನ್ನು ತರುವುದಿಲ್ಲ. ಆದರೆ ಪೇರಲ ಶೀತವೀರ್ಯವಾದುದರಿಂದ ಕಫಪ್ರಕೃತಿಯವರು, ಆಗಲೇ ಕೆಮ್ಮು ನೆಗಡಿ ಇರುವವರು ರಾತ್ರಿ ಹೊತ್ತು ಮತ್ತು ಫ್ರಿಜ್ಜಿನಿಂದ ತೆಗೆದ ತಕ್ಷಣ ತಿನ್ನಬಾರದು. ಮಧ್ಯಾಹ್ನ ಚಿಟಿಕೆ ಮೆಣಸಿನ ಪುಡಿ ಉದುರಿಸಿ ತಿಂದರೆ ಬಾಧೆಯಿಲ್ಲ.

*ಮಧುಮೇಹಿಗಳು ತಿನ್ನಬಹುದೇ?* ನಾರು ಹೆಚ್ಚು, ಸಕ್ಕರೆ ಮಿತ. ಆದ್ದರಿಂದ ದಿನಕ್ಕೊಂದು ಮಧ್ಯಮ ಹಣ್ಣನ್ನು ಇಡಿಯಾಗಿ ಅಗಿದು ತಿನ್ನಬಹುದು. ತೀರ ಕಳಿತ ಹಣ್ಣು ಮತ್ತು ಪೇರಲದ ರಸ ಬೇಡ. ಎಲೆಯ ಕಷಾಯ ಕುಡಿಯುತ್ತೇವೆಂದು ಔಷಧಿಯನ್ನು ಬಿಡಕೂಡದು.

*ಬೀಜದಿಂದ ಅಪೆಂಡಿಕ್ಸ್ ಬಾಧೆ ಬರುವುದೇ?* ಈ ಭಯಕ್ಕೆ ಆಧಾರ ಸಾಲದು. ನುಂಗಿದ ಬೀಜಗಳು ಸಾಮಾನ್ಯವಾಗಿ ಮಲದೊಡನೆ ಹೊರಬೀಳುತ್ತವೆ. ಆದರೆ ಒಂದೇ ಸಲ ಹತ್ತಾರು ಹಣ್ಣು ತಿನ್ನುವ ಮಕ್ಕಳಲ್ಲಿ ಬೀಜಗಳು ಗಟ್ಟಿಯಾಗಿ ಸೇರಿ ಮಲ ಕಟ್ಟುವುದುಂಟು. ಮಿತಿಯೇ ಮದ್ದು.

*ಹಾಲಿನೊಡನೆ ಬೆರೆಸಬಹುದೇ?* ಹುಳಿ ರಸದ ಹಣ್ಣುಗಳನ್ನು ಹಾಲಿನೊಡನೆ ಸೇವಿಸುವುದನ್ನು ಆಯುರ್ವೇದವು ವಿರುದ್ಧಾಹಾರವೆಂದು ನಿಷೇಧಿಸಿದೆ. ಹಾಲು ಕಬ್ಬಿಣದ ಹೀರುವಿಕೆಯನ್ನೂ ತಗ್ಗಿಸುತ್ತದೆ. ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ಸೇವಿಸುವುದೇ ಯುಕ್ತ.

ಮನೆ, ಶಾಲೆ, ಮಠಗಳಲ್ಲಿ

ನಮ್ಮ ಮಠಗಳು ಶತಮಾನಗಳಿಂದ ಅನ್ನದಾಸೋಹ ಮತ್ತು ಅಕ್ಷರದಾಸೋಹಗಳನ್ನು ನಡೆಸುತ್ತ ಬಂದಿವೆ. ಉಚಿತ ಪ್ರಸಾದನಿಲಯಗಳಲ್ಲಿ ಬೆಳೆಯುವ ಸಾವಿರಾರು ಮಕ್ಕಳು ಸಸ್ಯಾಹಾರವನ್ನೇ ಉಣ್ಣುತ್ತಾರೆ. ಆ ಎಲೆಯಲ್ಲಿ ರೊಟ್ಟಿಯಿದೆ, ಕಾಳಿದೆ, ಸಾರಿದೆ. ಅದರ ಬದಿಗೆ ಎರಡು ಹೋಳು ಪೇರಲ ಬಿದ್ದರೆ ಬಡಿಸಿದ ಅನ್ನದ ಸಾರವೆಲ್ಲ ಮಕ್ಕಳ ಮೈಗೆ ಹತ್ತುತ್ತದೆ. ಬಡಿಸಿದ ಪ್ರಸಾದದಲ್ಲಿ ಒಂದಗುಳೂ ವ್ಯರ್ಥವಾಗಬಾರದೆಂಬುದು ನಮ್ಮ ನಿಯಮ. ಎಲೆಯಲ್ಲಿ ಬಿಡದೆ ಉಂಡ ಮೇಲೆ ಹೊಟ್ಟೆಯೊಳಗೂ ಅದು ವ್ಯರ್ಥವಾಗದಂತೆ ನೋಡಿಕೊಳ್ಳುವುದು ಆ ನಿಯಮದ ಮುಂದುವರಿಕೆಯೆಂದು ನನ್ನ ನಂಬಿಕೆ.

ಭಕ್ತರಲ್ಲಿ ಒಂದು ವಿನಂತಿ. ಶ್ರೀಮಠಕ್ಕೆ ಬರುವಾಗ ಪೂಜ್ಯರಿಗೆ ಸೇಬು, ದ್ರಾಕ್ಷಿಗಳನ್ನು ಅರ್ಪಿಸುವ ರೂಢಿಯಿದೆ. ಚಳಿಗಾಲದಲ್ಲಿ ನಿಮ್ಮ ಹಿತ್ತಿಲಿನ ಅಥವಾ ನಿಮ್ಮೂರಿನ ರೈತರು ಬೆಳೆದ ಒಂದು ಬುಟ್ಟಿ ಪೇರಲವನ್ನು ತನ್ನಿರಿ. ಅದು ಪ್ರಸಾದನಿಲಯದ ಮಕ್ಕಳ ಎಲೆಗೆ ಸೇರುತ್ತದೆ. ಶಾಲೆಯ ಆವರಣ, ಬಾವಿಯ ಬದಿ, ಸ್ನಾನದ ನೀರು ಹರಿದುಹೋಗುವ ಜಾಗಗಳಲ್ಲಿ ಈ ಮಳೆಗಾಲ ಎರಡು ಕಸಿ ಸಸಿಗಳನ್ನು ನೆಡಿರಿ. ಇಂದು ಒಂದನೆಯ ತರಗತಿಗೆ ಸೇರಿದ ಮಗು ನಾಲ್ಕನೆಯ ತರಗತಿ ಮುಗಿಸುವುದರೊಳಗೆ ಆ ಮರದ ಹಣ್ಣನ್ನು ತಾನೇ ಕಿತ್ತು ತಿನ್ನುತ್ತದೆ.

ಮನೆಯ ಯಜಮಾನರಲ್ಲಿಯೂ ಒಂದು ಮಾತು. ನಮ್ಮ ಮನೆಗಳಲ್ಲಿ ಹಣ್ಣು ಬಂದರೆ ಮೊದಲು ಗಂಡಸರಿಗೆ, ಅನಂತರ ಮಕ್ಕಳಿಗೆ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣಲು ಕೂರುವ ತಾಯಿಯ ಪಾಲಿಗೆ ಖಾಲಿ ತಟ್ಟೆ. ಹೆಣ್ಣುಗಂಡೆಂಬ ಭೇದವೆಣಿಸದ ಧರ್ಮ ನಮ್ಮದು. ರಕ್ತಹೀನತೆ ಹೆಚ್ಚಾಗಿ ಕಾಡುವುದು ಆ ತಾಯಿಯನ್ನೇ. ಇಂದು ಊಟಕ್ಕೆ ಕೂರುವಾಗ ಹಣ್ಣಿನ ಮೊದಲ ಹೋಳನ್ನು ಅವಳ ತಟ್ಟೆಯಲ್ಲಿ ತೆಗೆದಿಡಿ.